ಪಂಪ್‌ಸೆಟ್ಟಿನ ಪಾಸ್‌ವರ್ಡ್ ಯಾರ ಕೈಲಿದೆ?

ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಗುತ್ತಲದ ಕಡೆಗೆ ಹರಡಿದ ಹೊಲಗಳಲ್ಲಿ ಪಂಪ್‌ಸೆಟ್ಟುಗಳಿಗೆ ಬರವಿಲ್ಲ. ಅವುಗಳಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಕರೆಂಟು ಎಂಬುದು ಸರ್ಕಾರದ ಲೆಕ್ಕ. ಆ ಏಳು ತಾಸು ಹಗಲೋ ರಾತ್ರಿಯೋ ಎಂಬುದು ಫೀಡರಿನ ಪಾಳಿಗೆ ಬಿಟ್ಟದ್ದು. ನಡುರಾತ್ರಿ ಕರೆಂಟು ಬಂತೆಂದು ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಿ ಬರುವ ಕಷ್ಟವನ್ನು ಎಷ್ಟೋ ರೈತರಿಗೆ ತಪ್ಪಿಸಿದ್ದು ಮೊಬೈಲ್ ಸ್ಟಾರ್ಟರ್ ಎಂಬ ಸಣ್ಣ ಡಬ್ಬಿ. ಅದರೊಳಗೊಂದು ಸಿಮ್ ಇರುತ್ತದೆ. ಮನೆಯಲ್ಲಿ ಕೂತು ಫೋನ್ ಹಚ್ಚಿದರೆ ಕರೆಂಟು ಇದೆಯೋ ಇಲ್ಲವೋ, ಮೂರೂ ಫೇಸು ಸರಿಯಿವೆಯೋ ಎಂದು ಹೇಳುತ್ತದೆ. ಒಂದು ಅಂಕಿ ಒತ್ತಿದರೆ ಮೋಟಾರು ಚಾಲೂ, ಇನ್ನೊಂದು ಒತ್ತಿದರೆ ಬಂದ್. ಬಾವಿಯಲ್ಲಿ ನೀರು ತೀರಿದರೆ ತಾನೇ ನಿಲ್ಲುತ್ತದೆ.

ಈ ಡಬ್ಬಿ ಕೊಂಡವರಲ್ಲಿ ಕೆಲವರು ಅನುಕೂಲದ ಮಾತು ಮುಗಿದ ಮೇಲೆ ಒಂದು ಅನುಮಾನ ಎತ್ತುತ್ತಾರೆ. "ನನ್ನ ಫೋನಿಂದ ನಾ ಚಾಲೂ ಮಾಡತೀನಿ ಅಂದ್ರ, ಮತ್ತೊಬ್ಬಾವ ಅವನ ಫೋನಿಂದ ಬಂದ್ ಮಾಡಾಕ ಬರಂಗಿಲ್ಲೇನು?"

ಉತ್ತರ ಚಿಕ್ಕದು: ಬರುತ್ತದೆ, ಡಬ್ಬಿ ಮಾಡಿದವರೂ ಕೂಡಿಸಿದವರೂ ಎಚ್ಚರ ತಪ್ಪಿದ್ದರೆ. ಈ ಒಂದು ಪ್ರಶ್ನೆಯೊಳಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜು, ರಾಣೆಬೆನ್ನೂರಿನ ಬ್ಯಾಂಕಿನ ಯುಪಿಎಸ್ಸು, ಮನೆ ಮಾಳಿಗೆಯ ಸೋಲಾರ್ ಇನ್ವರ್ಟರು ಎಲ್ಲವೂ ಅಡಗಿವೆ. ಇವೆಲ್ಲ ಕರೆಂಟನ್ನು ಕಾಯುವ, ಅಳೆಯುವ, ಹಚ್ಚುವ, ಆರಿಸುವ ಸಾಧನಗಳು. ಇತ್ತೀಚಿನ ವರ್ಷಗಳಲ್ಲಿ ಎಲ್ಲಕ್ಕೂ ಒಂದು ಸಾಫ್ಟ್‌ವೇರ್ ಬಂದಿದೆ, ಸಾಫ್ಟ್‌ವೇರಿಗೊಂದು ವೆಬ್ ಪುಟವೋ ಆ್ಯಪೋ ಬಂದಿದೆ. ಆ ಪುಟಕ್ಕೆ ಚಿಲಕ ಹಾಕಿದವರಾರು, ಕೀಲಿ ಯಾರ ಬಳಿ ಇದೆ ಎಂದು ಕೇಳುವವರು ಮಾತ್ರ ಕಡಿಮೆ.

ಮೊದಲು ಸ್ಟಾರ್ಟರಿನ ವಿಷಯ. ಹಳೆಯ ಮಾದರಿಯ ಡಬ್ಬಿ ಮಾಲೀಕನನ್ನು ಗುರುತಿಸುವುದು ಕರೆ ಮಾಡಿದ ನಂಬರಿನಿಂದ. ನಂಬರು ತನ್ನ ಪಟ್ಟಿಯಲ್ಲಿದ್ದರೆ ಹೇಳಿದ್ದು ಕೇಳುತ್ತದೆ. ಆದರೆ ಪರದೆಯ ಮೇಲೆ ಕಾಣುವ ನಂಬರೇ ಕರೆ ಮಾಡಿದವನ ನಂಬರು ಎಂಬ ಭರವಸೆ ಫೋನ್ ವ್ಯವಸ್ಥೆಯಲ್ಲಿ ಎಂದೂ ಇರಲಿಲ್ಲ. ವಿದೇಶದಿಂದ ಬರುತ್ತ ಭಾರತದ ನಂಬರಿನ ವೇಷ ಹಾಕುವ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ಆರಂಭಿಸಿತು. ಮೊದಲ 24 ತಾಸಿನಲ್ಲೇ ಅದು ಹಿಡಿದ ಕರೆಗಳು 1.35 ಕೋಟಿ. ನಂಬರನ್ನಷ್ಟೇ ನಂಬುವ ಯಂತ್ರ ಎಷ್ಟು ಮುಗ್ಧವೆಂದು ತಿಳಿಯಲು ಈ ಲೆಕ್ಕ ಸಾಕು. ಗುತ್ತಲದ ಒಂದು ಮೋಟಾರು ನಿಲ್ಲಿಸಲು ಯಾರೂ ಇಷ್ಟು ಕಸರತ್ತು ಮಾಡಲಾರರು ಎಂಬುದು ನಿಜ. ಆದರೆ ಹೊಸ ಮಾದರಿಗಳು ಆ್ಯಪಿನಿಂದ ನಡೆಯುತ್ತವೆ, ಎಲ್ಲ ರೈತರ ಡಬ್ಬಿಗಳೂ ಕಂಪನಿಯ ಒಂದೇ ಸರ್ವರಿನ ಮಾತು ಕೇಳುತ್ತವೆ. ಅಲ್ಲಿ ತೂತು ಬಿದ್ದರೆ ಒಂದು ಮೋಟಾರಿನ ಮಾತು ಹೋಗಿ ಸಾವಿರಾರು ಮೋಟಾರುಗಳ ಮಾತಾಗುತ್ತದೆ.

ತೂತು ಅಂದರೆ ಏನು? ಸಿನಿಮಾದಲ್ಲಿ ತೋರಿಸುವಂತೆ ಕತ್ತಲ ಕೋಣೆಯಲ್ಲಿ ಕೂತ ಮಹಾಬುದ್ಧಿವಂತ ಮಾತ್ರ ಕೊರೆಯಬಲ್ಲ ಸುರಂಗವೇ? ಸೈಬರ್‌ಪವರ್ ಎಂಬ ಕಂಪನಿಯ ಉದಾಹರಣೆ ನೋಡಬಹುದು. ಅದು ಯುಪಿಎಸ್ ತಯಾರಿಸುವ ಹೆಸರಾಂತ ಕಂಪನಿ. ದೊಡ್ಡ ಸಂಸ್ಥೆಗಳು ತಮ್ಮಲ್ಲಿರುವ ಹತ್ತಾರು, ನೂರಾರು ಯುಪಿಎಸ್‌ಗಳನ್ನು ಒಂದೇ ಪರದೆಯಿಂದ ನೋಡಿಕೊಳ್ಳಲೆಂದು ಪವರ್‌ಪ್ಯಾನೆಲ್ ಎಂಟರ್‌ಪ್ರೈಸ್ ಎಂಬ ಸಾಫ್ಟ್‌ವೇರನ್ನೂ ಕೊಡುತ್ತದೆ. 2023ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಟ್ರೆಲಿಕ್ಸ್ ಸಂಸ್ಥೆಯ ಸಂಶೋಧಕರು ಅದರಲ್ಲಿ ನಾಲ್ಕು ತೂತುಗಳನ್ನು ತೋರಿಸಿದರು. ಡೇಟಾಪ್ರೋಬ್ ಎಂಬ ಇನ್ನೊಂದು ಕಂಪನಿಯ ವಿದ್ಯುತ್ ಹಂಚಿಕೆ ಪೆಟ್ಟಿಗೆಯಲ್ಲಿ ಐದು.

ಸೈಬರ್‌ಪವರಿನ ನಾಲ್ಕನ್ನು ಒಂದೊಂದಾಗಿ ನೋಡಿದರೆ ಆಶ್ಚರ್ಯವಾಗುತ್ತದೆ, ಅವುಗಳ ಸರಳತೆಗೆ. ಸಾಫ್ಟ್‌ವೇರಿನ ಒಡಲಲ್ಲೇ ಒಂದು ಗುಪ್ತಪದ ಬರೆದಿಟ್ಟಿದ್ದರು. ಅದು ಜಗತ್ತಿನ ಎಲ್ಲ ಗಿರಾಕಿಗಳಿಗೂ ಒಂದೇ. ತಯಾರಕರು ಇಟ್ಟಿದ್ದ "ಸೈಬರ್‌ಪವರ್" ಎಂಬ ಬಳಕೆದಾರ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿದರೆ ತಪಾಸಣೆ ಏಮಾರಿ, ಬಂದವನನ್ನು ಮೇಲಧಿಕಾರಿಯೆಂದು ಒಳಗೆ ಬಿಡುತ್ತಿತ್ತು. ಲಾಗಿನ್‌ನ ಇನ್ನೊಂದು ವಿಧಾನವನ್ನು ಅರ್ಧಕ್ಕೇ ಬರೆದು ಕೈಬಿಟ್ಟಿದ್ದರು, ಆದರೆ ಪುಟದಿಂದ ತೆಗೆದಿರಲಿಲ್ಲ. ಅದನ್ನು ಆರಿಸಿಕೊಂಡವನಿಗೆ ಪಾಸ್‌ವರ್ಡ್ ಪರೀಕ್ಷೆಯೇ ಇರಲಿಲ್ಲ. ನಾಲ್ಕನೆಯದು ಬ್ಯಾಕಪ್ ಇಡುವ ಜಾಗದ ವಿವರ ತುಂಬುವ ನಮೂನೆ. ಅಲ್ಲಿ ಬಳಕೆದಾರನ ಹೆಸರು ಬರೆಯುವ ಜಾಗದಲ್ಲಿ ಕಂಪ್ಯೂಟರಿಗೆ ಕೊಡುವ ಆಜ್ಞೆ ಬರೆದರೆ, ಕಂಪ್ಯೂಟರು ಹೆಸರೋ ಆಜ್ಞೆಯೋ ಎಂದು ನೋಡದೆ ಅತಿ ಹೆಚ್ಚಿನ ಅಧಿಕಾರದಿಂದ ಪಾಲಿಸುತ್ತಿತ್ತು. ಈ ತೂತುಗಳನ್ನು ಒಂದಕ್ಕೊಂದು ಜೋಡಿಸಿದರೆ ಹೊರಗಿನವನೊಬ್ಬ ಒಳಬಂದು, ಇಡೀ ಡೇಟಾ ಸೆಂಟರಿನ ಕರೆಂಟು ಆರಿಸಿ ಹೋಗಬಹುದಿತ್ತು. ಕಂಪನಿ 2.6.9 ಆವೃತ್ತಿಯಲ್ಲಿ ಎಲ್ಲವನ್ನೂ ಸರಿಪಡಿಸಿತು.

ಇಂಥ ತಪ್ಪುಗಳನ್ನು ಒಂದು ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಕಂಡರೆ ಯಾರೂ ಕ್ಷಮಿಸುವುದಿಲ್ಲ. ಯುಪಿಎಸ್ಸಿನ ಸಾಫ್ಟ್‌ವೇರಿನಲ್ಲಿ ಅವು ವರ್ಷಗಟ್ಟಲೆ ಉಳಿಯಲು ಕಾರಣವಿದೆ. ಯುಪಿಎಸ್ ಮಾಡುವವರು ಮೂಲತಃ ಬ್ಯಾಟರಿ, ಟ್ರಾನ್ಸ್‌ಫಾರ್ಮರುಗಳ ಎಂಜಿನಿಯರುಗಳು. ಅವರ ಎಚ್ಚರವೆಲ್ಲ ಓಲ್ಟೇಜಿನ ಮೇಲೆ, ಬಿಸಿಯ ಮೇಲೆ. ವೆಬ್ ಪುಟ ಆಮೇಲೆ ಸೇರಿಸಿದ ಸೌಲಭ್ಯ. ಕೊಳ್ಳುವವರ ಕಡೆಯೂ ಅಷ್ಟೆ. ಕಂಪ್ಯೂಟರಿಗೆ ಆ್ಯಂಟಿವೈರಸ್ ಹಾಕಿಸುವ ಮಾಲೀಕ ಯುಪಿಎಸ್ಸನ್ನು ಎಲೆಕ್ಟ್ರಿಷಿಯನ್‌ನ ಖಾತೆಗೆ ಬರೆದಿರುತ್ತಾನೆ. ಎಲೆಕ್ಟ್ರಿಷಿಯನ್ ಅದರ ನೆಟ್‌ವರ್ಕ್ ಕೇಬಲ್ ಕಂಪ್ಯೂಟರಿನವರದೆಂದು ಮುಟ್ಟುವುದಿಲ್ಲ. ಇಬ್ಬರ ನಡುವೆ ಡಬ್ಬಿ ಯಾರದೂ ಅಲ್ಲದಂತಾಗುತ್ತದೆ.

ಹಾಗೆ ಅನಾಥವಾದ ಡಬ್ಬಿಯಿಂದ ನಿಜವಾದ ಹಾನಿ ಆಗಿದೆಯೇ? ಆಗಿದೆ. 2015ರ ಡಿಸೆಂಬರ್ 23ರಂದು ಯುಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳಿಗೆ ದಾಳಿಕೋರರು ನುಗ್ಗಿದರು. ತಿಂಗಳುಗಳ ಹಿಂದೆ ಇಮೇಲ್‌ನಲ್ಲಿ ಬಂದ ವರ್ಡ್ ಕಡತಗಳ ಮೂಲಕ ಒಳಸೇರಿ, ನೌಕರರ ಪಾಸ್‌ವರ್ಡುಗಳನ್ನು ಕದ್ದು, ಅಂದು ನಿಯಂತ್ರಣ ಕೊಠಡಿಯ ಪರದೆಗಳನ್ನು ದೂರದಿಂದಲೇ ನಡೆಸಿ ಸಬ್‌ಸ್ಟೇಷನ್ನುಗಳ ಬ್ರೇಕರುಗಳನ್ನು ತೆರೆದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲೆ. ಇದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಚೂರೊಂದಿದೆ. ಯುಪಿಎಸ್‌ಗಳ ದೂರನಿರ್ವಹಣಾ ಪುಟವನ್ನೂ ಹಿಡಿದು, ಅವೂ ಬಂದ್ ಆಗುವಂತೆ ಅವರು ಮೊದಲೇ ಸಮಯ ಹೊಂದಿಸಿಟ್ಟಿದ್ದರು. ಊರಿಗೆ ಕರೆಂಟು ಮರಳಿ ಕೊಡಬೇಕಾದ ಸಿಬ್ಬಂದಿಯೇ ಕತ್ತಲಲ್ಲಿ ಕೂರಲಿ ಎಂಬುದು ಲೆಕ್ಕಾಚಾರ. ಜನ ದೂರು ಹೇಳಲಾಗದಂತೆ ಸಹಾಯವಾಣಿಗೂ ಸುಳ್ಳು ಕರೆಗಳನ್ನು ತುಂಬಿದರು. ಕೊನೆಗೆ ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದ ಮೇಲೆ, ಕೆಲವೇ ತಾಸುಗಳಲ್ಲಿ ಬೆಳಕು ಬಂತು.

2022ರ ಮಾರ್ಚ್‌ನಲ್ಲಿ ಆರ್ಮಿಸ್ ಎಂಬ ಸಂಸ್ಥೆ ಎಪಿಸಿ ಕಂಪನಿಯ ಸ್ಮಾರ್ಟ್-ಯುಪಿಎಸ್‌ಗಳಲ್ಲಿ ಮೂರು ತೂತುಗಳನ್ನು ಬಯಲಿಗಿಟ್ಟಿತು. ಎಪಿಸಿ ಎಂಬುದು ಶ್ನೈಡರ್ ಎಲೆಕ್ಟ್ರಿಕ್‌ನ ಬ್ರಾಂಡು. ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲೂ ಸಿಗುವ ಹೆಸರು. ಈ ಯುಪಿಎಸ್‌ಗಳು ಕಂಪನಿಯ ಕ್ಲೌಡಿಗೆ ತಾವೇ ಸಂಪರ್ಕ ಮಾಡುತ್ತಿದ್ದವು. ಆ ಸಂಪರ್ಕದಲ್ಲಿ ಎರಡು ದೋಷ. ಮೂರನೆಯದು ಯುಪಿಎಸ್ಸಿನ ಒಳಸಾಫ್ಟ್‌ವೇರನ್ನು ಹೊಸದಾಗಿ ತುಂಬುವಾಗ, ಅದನ್ನು ಕಳಿಸಿದ್ದು ನಿಜವಾಗಿ ಕಂಪನಿಯೇ ಎಂದು ನೋಡುವ ಭದ್ರ ವಿಧಾನ ಇಲ್ಲದಿದ್ದದ್ದು. ಸಂಶೋಧಕರು ಪ್ರಯೋಗಾಲಯದಲ್ಲಿ ದೂರದಿಂದ ಆಜ್ಞೆ ಕೊಟ್ಟು ಒಂದು ಯುಪಿಎಸ್ಸಿನಿಂದ ಹೊಗೆ ಬರುವಂತೆ ಮಾಡಿದರು. ಅದೇ ತಿಂಗಳ 29ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮತ್ತು ಇಂಧನ ಇಲಾಖೆ ಒಟ್ಟಾಗಿ ಎಚ್ಚರಿಕೆ ಹೊರಡಿಸಿದವು. ಅದರ ಸಾರ ಎರಡೇ ಮಾತು: ಯುಪಿಎಸ್ಸನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿ. ದಾಳಿಕೋರರು ಆಗಲೇ ಹಲವೆಡೆ ಆ ಹಳೆಯ ಪಾಸ್‌ವರ್ಡ್ ಹಾಕಿ ಒಳಬರುತ್ತಿದ್ದರು.

ಮಾಳಿಗೆಯ ಸೋಲಾರಿಗೆ ಬಂದರೆ ಚಿತ್ರ ಇನ್ನಷ್ಟು ಹರಡಿಕೊಳ್ಳುತ್ತದೆ. ಇನ್ವರ್ಟರು ಮನೆಯ ವೈಫೈ ಹಿಡಿದು ಕಂಪನಿಯ ಸರ್ವರಿಗೆ ಲೆಕ್ಕ ಕಳಿಸುತ್ತದೆ, ಮಾಲೀಕ ಆ್ಯಪಿನಲ್ಲಿ ಇಂದು ಎಷ್ಟು ಯೂನಿಟ್ ಬಂತೆಂದು ನೋಡಿ ಖುಷಿಪಡುತ್ತಾನೆ. 2024ರ ಆಗಸ್ಟ್‌ನಲ್ಲಿ ಬಿಟ್‌ಡಿಫೆಂಡರ್ ಸಂಸ್ಥೆ ಚೀನಾದ ಸೋಲಾರ್‌ಮ್ಯಾನ್ ಮತ್ತು ಡೇಯ್ ಕಂಪನಿಗಳ ವೇದಿಕೆಗಳಲ್ಲಿ, ಬೇರೆಯವರ ಖಾತೆಯನ್ನು ಪೂರ್ತಿ ಕೈವಶ ಮಾಡಿಕೊಳ್ಳಬಹುದಾದ ದೋಷಗಳನ್ನು ವರದಿ ಮಾಡಿತು. ಆ ವೇದಿಕೆಗಳ ಮೂಲಕ ನಡೆಯುವ ಸೋಲಾರ್ ಸಾಮರ್ಥ್ಯ ಸುಮಾರು 195 ಗಿಗಾವಾಟ್ ಎಂದು ಅದರ ಅಂದಾಜು. 2025ರ ಮಾರ್ಚ್‌ನಲ್ಲಿ ಫೋರ್‌ಸ್ಕೌಟ್ ಸಂಸ್ಥೆ ಸನ್‌ಗ್ರೋ, ಗ್ರೋವಾಟ್, ಎಸ್‌ಎಂಎ ಎಂಬ ಮೂರು ಇನ್ವರ್ಟರ್ ಕಂಪನಿಗಳ ಉತ್ಪನ್ನಗಳಲ್ಲಿ ಒಟ್ಟು 46 ಹೊಸ ದೋಷಗಳನ್ನು ಪ್ರಕಟಿಸಿತು. ಅವನ್ನು ಕಂಪನಿಗಳು ಸರಿಪಡಿಸಿವೆ.

ಆ 46ರಲ್ಲಿ ಹಲವು ಒಂದೇ ಜಾತಿಯವು, ಅದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಆ್ಯಪು ಸರ್ವರಿಗೆ "1045ನೇ ಇನ್ವರ್ಟರಿನ ವಿವರ ಕೊಡು" ಎಂದು ಕೇಳುತ್ತದೆ, ಸರ್ವರು ಕೊಡುತ್ತದೆ. ಬುದ್ಧಿವಂತನೊಬ್ಬ ಆ ಕೋರಿಕೆಯಲ್ಲಿ 1045ನ್ನು ಅಳಿಸಿ 1046 ಎಂದು ಬರೆದು ಕಳಿಸುತ್ತಾನೆ. ಕೇಳಿದವನು ಆ ಇನ್ವರ್ಟರಿನ ಮಾಲೀಕನೇ ಎಂದು ಸರ್ವರು ನೋಡಬೇಕು. ನೋಡದಿದ್ದರೆ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳದೆ ಕಾರ್ಡಿನ ನಂಬರು ಹೇಳಿದವರಿಗೆಲ್ಲ ಅಕ್ಕಿ ಅಳೆದು ಕೊಟ್ಟಂತೆ. ವಿವರ ನೋಡುವುದರ ಜೊತೆಗೆ "ಬಂದ್ ಮಾಡು" ಎಂಬ ಆಜ್ಞೆಯೂ ಇದೇ ದಾರಿಯಲ್ಲಿ ಹೋಗುವುದಾದರೆ ಪರಿಣಾಮ ಊಹಿಸಬಹುದು. ಒಂದು ಮನೆಯ ಇನ್ವರ್ಟರು ಆರಿದರೆ ಗ್ರಿಡ್ಡಿಗೆ ಗೊತ್ತೂ ಆಗದು. ಲಕ್ಷಾಂತರ ಇನ್ವರ್ಟರುಗಳು ಒಂದೇ ಕ್ಷಣ ಆರಿ ಮತ್ತೆ ಹಚ್ಚಿಕೊಂಡರೆ ಉತ್ಪಾದನೆಗೂ ಬಳಕೆಗೂ ಇರುವ ಸಮತೋಲ ತಪ್ಪಿ ಗ್ರಿಡ್ಡಿನ ಕಂಪನಾಂಕವೇ ಅಲುಗುತ್ತದೆ.

ಕಳ್ಳನ ಕಣ್ಣು ಕರೆಂಟಿನ ಮೇಲೆಯೇ ಇರಬೇಕೆಂದೂ ಇಲ್ಲ. ಜಪಾನಿನಲ್ಲಿ ಕಾಂಟೆಕ್ ಕಂಪನಿಯ, ಸೋಲಾರ್ ಘಟಕಗಳ ಮೇಲೆ ನಿಗಾ ಇಡುವ ಸುಮಾರು 800 ಸಾಧನಗಳು ಹೈಜಾಕ್ ಆಗಿದ್ದವೆಂದು 2024ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ಕಳ್ಳರು ಒಂದು ಪ್ಯಾನೆಲ್ಲನ್ನೂ ಆರಿಸಲಿಲ್ಲ. ಆ ಸಾಧನಗಳ ಮರೆಯಲ್ಲಿ ನಿಂತು ಬೇರೆಯವರ ಬ್ಯಾಂಕ್ ಖಾತೆಯ ಹಣ ದೋಚಿದರು. ಪೊಲೀಸರು ಜಾಡು ಹಿಡಿದರೆ ಅದು ಯಾವುದೋ ಸೋಲಾರ್ ಘಟಕದ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಬಳಸಿಕೊಂಡ ತೂತು 2022ರಲ್ಲೇ ಬಹಿರಂಗವಾಗಿದ್ದು. ಹಳೆಯ ಸಾಫ್ಟ್‌ವೇರನ್ನು ಬದಲಿಸದೆ ಬಿಟ್ಟವರು ಸಿಕ್ಕಿಬಿದ್ದರು.

ನಮ್ಮ ದೇಶದ ಒಂದು ಘಟನೆಗೆ ಹ್ಯಾಕರನ ಅಗತ್ಯವೂ ಬೀಳಲಿಲ್ಲ. 2020ರ ಆಗಸ್ಟ್ 12, ಜನ್ಮಾಷ್ಟಮಿಯ ದಿನ. ಉತ್ತರ ಪ್ರದೇಶದಲ್ಲಿ ಸ್ಮಾರ್ಟ್ ಮೀಟರು ಹಾಕಿಸಿಕೊಂಡಿದ್ದ 1.5 ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟು ಇದ್ದಕ್ಕಿದ್ದಂತೆ ಹೋಯಿತು. ಬಾಕಿದಾರರ ಸಂಪರ್ಕ ಕಡಿಯುವ ಆಜ್ಞೆ ತಪ್ಪಾಗಿ ಬಿಲ್ ಕಟ್ಟಿದವರ ಮೀಟರುಗಳಿಗೂ ಹೋಗಿತ್ತು. ಸರ್ಕಾರ ತನಿಖೆಯನ್ನು ವಿಶೇಷ ಪೊಲೀಸ್ ಪಡೆಗೆ ಒಪ್ಪಿಸಿತು, ಹೊಸ ಮೀಟರು ಹಾಕುವುದನ್ನು ಕೆಲಕಾಲ ನಿಲ್ಲಿಸಿತು. ಲೈನ್‌ಮನ್ ಕಂಬ ಹತ್ತಿ ಫ್ಯೂಜ್ ಕೀಳುವ ಕಾಲದಲ್ಲಿ ಒಂದೇ ದಿನ ಇಷ್ಟು ಮನೆಗಳಿಗೆ ತಪ್ಪಾಗಿ ಕರೆಂಟು ಕಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಕರ್ನಾಟಕದಲ್ಲಿ ಸ್ಮಾರ್ಟ್ ಮೀಟರಿನ ಜಗಳ ಬಹುಪಾಲು ದರದ ಸುತ್ತಲೇ ನಡೆದಿದೆ. ಸಂಪರ್ಕ ಕಡಿಯುವ ಆಜ್ಞೆಗೆ ಎಷ್ಟು ಜನರ ಒಪ್ಪಿಗೆ ಬೇಕು, ಒಮ್ಮೆಗೆ ಎಷ್ಟು ಮೀಟರುಗಳಿಗೆ ಅದನ್ನು ಕಳಿಸಬಹುದು ಎಂಬ ಪ್ರಶ್ನೆಯೂ ಅಷ್ಟೇ ಜೋರಾಗಿ ಕೇಳಿಬರಬೇಕಿತ್ತು.

ಬ್ಯಾಡಗಿಯಲ್ಲಿ ಇದೆಲ್ಲ ರೊಕ್ಕದ ಮಾತಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಅದರ ಬಣ್ಣದಲ್ಲಿದೆ, ಬಣ್ಣ ಉಳಿಯುವುದು ತಂಪಿನಲ್ಲಿ. ದರ ಏರಲೆಂದು ಕಾಯುವ ರೈತರೂ ವರ್ತಕರೂ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಡುತ್ತಾರೆ. ಅಂಥ ಕಟ್ಟಡದಲ್ಲಿ ಕಂಪ್ರೆಸರು, ಜನರೇಟರು, ತಾಪಮಾನ ತೋರಿಸುವ ಸೆನ್ಸರು ಇವನ್ನೆಲ್ಲ ಮೊಬೈಲಿನಲ್ಲೇ ನೋಡಬಹುದೆಂದು ಕಂಪನಿಗಳು ಹೇಳಿ ಮಾರುತ್ತವೆ. ನೋಡಬಹುದಾದದ್ದನ್ನು ಬಹಳ ಸಲ ಬದಲಿಸಲೂಬಹುದು. ಎಪಿಎಂಸಿಯಲ್ಲೂ ಟೆಂಡರು ನಡೆಯುವುದು ಕಂಪ್ಯೂಟರಿನಲ್ಲೇ. ದರ ಕುಸಿಯಿತೆಂಬ ಸಿಟ್ಟು 2024ರ ಮಾರ್ಚ್ 11ರಂದು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋದದ್ದನ್ನು ಊರು ಕಂಡಿದೆ. ಅಂಥ ಮಾರುಕಟ್ಟೆಯಲ್ಲಿ ದರ ತೆರೆಯುವ ಹೊತ್ತಿಗೆ ಕಂಪ್ಯೂಟರು ಆರಿದರೆ, ಅದು ಯುಪಿಎಸ್ಸಿನ ದೋಷವೆಂದು ಯಾರೂ ನಂಬಲಾರರು.

ಹಾಗಾದರೆ ಈ ಸೌಲಭ್ಯಗಳೇ ಬೇಡವೇ? ಹಾಗೆನ್ನುವುದು ಸುಲಭ, ಆದರೆ ಅನ್ಯಾಯ. ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿದ ರೈತನಿಗೆ ಮೊಬೈಲ್ ಸ್ಟಾರ್ಟರ್ ಬಿಡು ಎಂದು ಹೇಳುವ ಹಕ್ಕು ಪೇಟೆಯಲ್ಲಿ ಕೂತವರಿಗಿಲ್ಲ. ಮೇಲಿನ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಬಹುತೇಕ ಎರಡು ಮೂರು ಕಾರಣಗಳಿಗೇ ಬಂದು ನಿಲ್ಲುತ್ತವೆ: ಬದಲಿಸದ ಪಾಸ್‌ವರ್ಡು, ಅನಗತ್ಯವಾಗಿ ಇಂಟರ್‌ನೆಟ್ಟಿಗೆ ತೆರೆದ ಪುಟ, ಹಳೆಯ ಸಾಫ್ಟ್‌ವೇರು. ಮೂರೂ ಅಗ್ಗದಲ್ಲಿ ಸರಿಹೋಗುವಂಥವು. ಸರಿಮಾಡುವ ಹೊಣೆ ಯಾರದು ಎಂಬುದು ಮಾತ್ರ ಕಾಗದದ ಮೇಲೆ ಎಲ್ಲೂ ಬರೆದಿರುವುದಿಲ್ಲ.

ನಿಯಮಗಳು ಇಲ್ಲವೆಂದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ವಿದ್ಯುತ್ ವಲಯಕ್ಕೆಂದೇ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿದೆ. ಸೈಬರ್ ದಾಳಿಯಾದರೆ ಆರು ತಾಸಿನೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಹೆಸ್ಕಾಂನಂಥ ವಿತರಣಾ ಕಂಪನಿಗಳಿಗೆ ಇವನ್ನು ಪಾಲಿಸುವ ಹೊಣೆಯಿದೆ. ಆದರೆ ಮೀಟರಿನಿಂದ ಈಚೆಗೆ, ಗ್ರಾಹಕನ ಗೋಡೆಯ ಮೇಲಿನ ಇನ್ವರ್ಟರಿಗೆ, ಹೊಲದ ಸ್ಟಾರ್ಟರಿಗೆ ಬಂದು ನೋಡುವವರಿಲ್ಲ. ಅಲ್ಲಿ ಕೊನೆಯ ಮಾತು ಕೂಡಿಸುವವನದು. ಅವನು ಸಂಜೆಯೊಳಗೆ ಇನ್ನೂ ಎರಡು ಕಡೆ ಹೋಗಬೇಕು. ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ಮುಂದೆ ರಿಪೇರಿಗೆ ಬಂದಾಗ ನೆನಪಿಡುವುದು ಸಸಾರ. ಅವನನ್ನು ಬೈದು ಪ್ರಯೋಜನವಿಲ್ಲ. ಬೇರೆ ರೀತಿ ಮಾಡು ಎಂದು ಅವನಿಗೆ ಯಾರೂ ಹೇಳಿಲ್ಲ, ಅದಕ್ಕೆಂದು ಯಾರೂ ಕೂಲಿ ಕೊಟ್ಟಿಲ್ಲ.

ಹೇಳಬೇಕಾದವರು ರೊಕ್ಕ ಕೊಡುವವರು. ಗುತ್ತಲದ ಪಟ್ಟಣ ಪಂಚಾಯಿತಿ ನೀರಿನ ಪಂಪಿಗೆ ಹೊಸ ಸ್ಟಾರ್ಟರ್ ಕೊಳ್ಳುವಾಗ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮಾಲೀಕರು ವಾರ್ಷಿಕ ನಿರ್ವಹಣೆಯ ಕರಾರು ಬರೆಯುವಾಗ, ರಾಣೆಬೆನ್ನೂರಿನ ಮನೆಯವರು ಸೋಲಾರ್ ಹಾಕಿಸುವಾಗ ನಾಲ್ಕು ಸಾಲು ಸೇರಿಸಲಿ. ಕಾರ್ಖಾನೆಯ ಪಾಸ್‌ವರ್ಡನ್ನು ನಮ್ಮೆದುರೇ ಬದಲಿಸಿ ಹೊಸದನ್ನು ನಮಗೆ ಕೊಡಬೇಕು. ನಿರ್ವಹಣಾ ಪುಟ ಹೊರಗಿನ ಇಂಟರ್‌ನೆಟ್ಟಿನಿಂದ ತೆರೆಯಬಾರದು. ಕಂಪನಿ ಹೊಸ ಸಾಫ್ಟ್‌ವೇರ್ ಬಿಟ್ಟಾಗ ಅದನ್ನು ಹಾಕಿಕೊಡುವುದು ಕರಾರಿನ ಭಾಗವಾಗಿರಬೇಕು. ಆ್ಯಪ್ ಕೆಟ್ಟರೂ, ಸರ್ವರ್ ಆರಿದರೂ ಕೈಯಿಂದ ಚಾಲೂ ಬಂದ್ ಮಾಡುವ ಸ್ವಿಚ್ಚು ಇರಲೇಬೇಕು. ಯುಕ್ರೇನಿನ ಮನೆಗಳಿಗೆ ಅಂದು ಬೆಳಕು ಮರಳಿದ್ದು ಅದರಿಂದಲೇ. ಈ ನಾಲ್ಕೂ ಆದ ಮೇಲೆ ಕೊನೆಯ ಕಂತಿನ ರೊಕ್ಕ ಕೊಡಿ. ಈಗಾಗಲೇ ಡಬ್ಬಿ ಹಾಕಿಸಿಕೊಂಡವರು ಕೂಡಿಸಿದವನಿಗೆ ಈ ವಾರವೇ ಒಂದು ಫೋನ್ ಹಚ್ಚಿ, ಪಾಸ್‌ವರ್ಡ್ ಯಾವುದೆಂದು ಕೇಳಿ. ಅವನು ನೋಡದೆಯೇ ಹೇಳಿದರೆ, ಅಂದೇ ಬದಲಿಸಿ.